ಗಂಡಿಲ್ಲದ ಕಾರ್ಯ

ಜುಲೈ 7, ಸೋಮವಾರ

ಮಧ್ಯಾಹ್ನ ನಮ್ಮ ಲಾಡ್ಜು ನಿದ್ದೆ ಮಾಡುತ್ತದೆ. ಮೇಲಿನ ಫ್ಯಾನು, ಸೋಫಾದ ಮೇಲಿನ ಮಾಲಕರ ಬೆಕ್ಕು, ಗೋಡೆಯ ಮೇಲಿನ ಹಂಪಿಯ ಪಟ, ಎಲ್ಲವೂ. ಕೌಂಟರಿನಲ್ಲಿ ಕೂತ ನಾನು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದೇನೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಕ್ಕೆ ಬಂದ ಒಂದೇ ವಿದ್ಯೆ ಅದು ಅನ್ನಿಸುತ್ತದೆ. ಇವತ್ತು ಕಾಲುವೆಯ ನೀರು ಮೆಟ್ಟಿಲೇರಿ ಒಳಗೆ ಬಂತು. ಗಿರಾಕಿಗಳೆಲ್ಲ ಹರಿಗೋಲಿನಲ್ಲಿ ಕೂತು ಒಬ್ಬೊಬ್ಬರಾಗಿ ತೇಲಿ ಬಂದು ಕೀಲಿ ಕೇಳಿದರು, ಕೊಟ್ಟೆ. ಕಡೆಯ ಹರಿಗೋಲಿನಲ್ಲಿ ನಾನೇ ಕೂತಿದ್ದೆ, ತಲೆಗೂದಲು ಬಿಚ್ಚಿ ಹಾಕಿಕೊಂಡು. ಕೀಲಿ ಕೇಳಲಿಲ್ಲ, ಸುಮ್ಮನೆ ತೇಲಿ ಹೊರಗೆ ಹೋದೆ. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ರೈಲು ಕೂಗಿ ಎಚ್ಚರವಾಯಿತು. ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಕೆಲಸ ಮಾಡುವುದರ ಸುಖ ಇದೇ, ದಿನಾ ಯಾವುದಾದರೂ ರೈಲು ನನ್ನನ್ನು ಕರೆಯುತ್ತದೆ.

ಸಂಜೆ ಚಿತ್ತವಾಡ್ಗಿಯ ಮನೆಗೆ ಬಂದರೆ ಕಟ್ಟೆಯ ಮೇಲೆ ಅವ್ವನ ಸಂಘದವರೆಲ್ಲ ಕೂತಿದ್ದರು. ಹತ್ತು ಹೆಂಗಸರ ಸಂಘ. ಜೋಳದ ರೊಟ್ಟಿ ಬಡಿದು ಹೊಸಪೇಟೆ, ಹಂಪಿಯ ಹೋಟೆಲುಗಳಿಗೆ ಕೊಡುತ್ತಾರೆ. ಒಂದು ಶೆಡ್ಡು, ಒಂದು ರೊಟ್ಟಿ ಮಷಿನ್ನು ಹಾಕಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಬ್ಯಾಂಕಿನವರು ಹತ್ತೂ ಹೆಸರಿನ ಸಿಬಿಲ್, ಅಂದರೆ ಹಳೆ ಸಾಲಗಳ ಜಾತಕ, ತೆಗೆದಿದ್ದಾರೆ. ಕಂಪ್ಯೂಟರು ಅವ್ವನ ಹೆಸರಿಗೆ ಬಂದು ನಿಂತುಬಿಟ್ಟಿದೆ. ಕಾರಣ ನಾನು. ನಾನು ಕಟ್ಟದೆ ಉಳಿಸಿಕೊಂಡ ಓದಿನ ಸಾಲಕ್ಕೆ ಜೊತೆಗೆ ರುಜು ಹಾಕಿದವಳು ಅವ್ವ. ಅಪ್ಪನಿಗೆ ಬ್ಯಾಂಕಿನ ಖಾತೆಯೇ ಇರಲಿಲ್ಲ, ಅವ್ವನಿಗೆ ಸಂಘದ ದೆಸೆಯಿಂದ ಇತ್ತು.

"ತಾಯಕ್ಕಾ, ನಿನ್ನ ಬ್ಯಾಡ ಅಂತ ಯಾರೂ ಅಂದಿಲ್ಲ ನೋಡವಾ," ಅಂದಳು ಅಧ್ಯಕ್ಷೆ ಕೊಟ್ರಬಸಮ್ಮ, ಅವ್ವನಿಗೆ.

"ಅಂದಿಲ್ಲ, ಖರೆ," ಅಂದಳು ಭರಮಮ್ಮ. "ಆದ್ರ ಒಬ್ರ ಸಲುವಾಗಿ ಒಂಬತ್ತು ಮಂದಿ ಕೈ ಕಟ್ಟಿ ಕುಂದ್ರಬೇಕಾ? ದೀಪಾವಳಿತನ ನೋಡಾಣ. ಆಗಲಿಲ್ಲಂದ್ರ ಹೆಸರು ತೆಗದು ಬ್ಯಾರೇದವ್ರನ್ನ ಸೇರ್ಸಾಣ."

ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಸಂಘ ಶುರುವಾಗಿದ್ದು ಇದೇ ಕಟ್ಟೆಯ ಮೇಲೆ, ಶುರು ಮಾಡಿದವಳು ಅವ್ವನೇ. ಭರಮಮ್ಮನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಅವಳ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದೆ.

ಜುಲೈ 9, ಬುಧವಾರ

ಲಾಡ್ಜು ಮಲಗಿದ ಹೊತ್ತಿಗೇ ಫೋನು ಬರುತ್ತದೆ. ಬಳ್ಳಾರಿಯ ವಸೂಲಿ ಆಫೀಸಿನ ರಾಯಣ್ಣ.

"ದೇವಿಕಾ ಮೇಡಂ ಅಲ್ರೀ?"

"ಅಲ್ರೀ. ರಾಂಗ್ ನಂಬರ್."

"ದನಿ ಅವ್ರದ ಐತಲ್ರೀ."

"ಅವ್ರು ಗೋವಾಕ್ಕ ಹೋಗ್ಯಾರ."

ಫೋನ್ ಇಟ್ಟ ಮೇಲೆ ಗೋವಾಕ್ಕೆ ಹೋದ ಆ ದೇವಿಕಾಳ ಮೇಲೆ ಹೊಟ್ಟೆಕಿಚ್ಚಾಯಿತು. ನಿಜವಾಗಿ ಅಲ್ಲಿರುವವಳು ಐಶ್ವರ್ಯ, ಹುಬ್ಬಳ್ಳಿ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಅವಳ ರೆಸಾರ್ಟಿನಲ್ಲಿ ಸೀಜನ್ನಿಗೆ ಜನ ಬೇಕಂತೆ. ಬಾರೇ, ಸಮುದ್ರ ಕಾಣುವ ರೂಮು ಕೊಡುತ್ತಾರೆ ಅಂತಾಳೆ.

ಜುಲೈ 14, ಸೋಮವಾರ

ಸೋಮವಾರ ಸಂಘದ ಸಭೆ. ಅವ್ವ ಹೋಗಲಿಲ್ಲ. ತನ್ನ ಪಾಲಿನ ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ನನ್ನ ಕೈಯಲ್ಲಿ ಕಳಿಸಿದಳು. "ಮಂಡಿ ನೋವು ಅಂತ ಹೇಳು," ಅಂದಳು. ಹೇಳಿದೆ. ಮಂಡಿ ನೋವಿನವಳು ಅದೇ ಸಂಜೆ ಟ್ಯಾಂಕಿನಿಂದ ಮೂರು ಕೊಡ ನೀರು ಹೊತ್ತಳು.

ಮೂರು ವರ್ಷದ ಹಿಂದೆ ಬ್ಯಾಂಕಿನವರೊಬ್ಬರು ಮನೆಗೆ ಬಂದು, ನಿಮ್ಮ ಸಾಲ ರೈಟ್ ಆಫ್ ಆಗಿದೆ ಅಂತ ಹೇಳಿಹೋಗಿದ್ದರು. ನಮ್ಮ ಓಣಿಗೆ ಬ್ಯಾಂಕಿನಿಂದ ಬರುವ ಒಳ್ಳೆ ಸುದ್ದಿ ಅಂದರೆ ಒಂದೇ, ಸಾಲ ಮನ್ನಾ. ಸರ್ಕಾರ ರೈತರದ್ದು ಬಿಟ್ಟ ಹಾಗೆ ಓದುವ ಮಕ್ಕಳದ್ದೂ ಬಿಟ್ಟಿದೆ ಅಂದುಕೊಂಡು ಅವ್ವ ಎರಡು ಕಿಲೋ ಸಕ್ಕರೆ ತಂದು ಓಣಿಗೆಲ್ಲ ಹಂಚಿದಳು. ನಾನೂ ಬಾಯಿ ಸಿಹಿ ಮಾಡಿಕೊಂಡೆ. ಸಾಲ ಬ್ಯಾಂಕಿನ ಪುಸ್ತಕದಿಂದ ವಸೂಲಿಯವರ ಕೈಗೆ ದಾಟಿತ್ತು ಅಷ್ಟೇ. ಆರು ತಿಂಗಳಿಗೆ ರಾಯಣ್ಣನ ಫೋನು ಶುರುವಾಯಿತು. ಸಕ್ಕರೆ ತಿಂದವರು ಯಾರೂ ಏನೂ ಕೇಳಲಿಲ್ಲ, ಅದೇ ದೊಡ್ಡದು.

ನನ್ನ ಓದು ಮುಗಿದ ತಿಂಗಳೇ ಕೊರೊನಾ ಬಂದು ದೇಶದ ಹೋಟೆಲುಗಳಿಗೆಲ್ಲ ಬೀಗ ಬಿತ್ತು. ಮರುವರ್ಷ ಅಪ್ಪ ಹೋದ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಅವನಿದ್ದಿದ್ದರೆ ಹೇಗಾದರೂ ಕಟ್ಟುತ್ತಿದ್ದ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಇದ್ದರೂ ಕಟ್ಟಲಾಗುತ್ತಿರಲಿಲ್ಲ ಅಂತಲೂ ಅನ್ನಿಸುತ್ತದೆ.

ಜುಲೈ 19, ಶನಿವಾರ

ಇವತ್ತು ಯಾಕೋ "ಹೌದ್ರೀ, ನಾನ ದೇವಿಕಾ" ಅಂದುಬಿಟ್ಟೆ. ಅರೆನಿದ್ದೆಯಲ್ಲಿದ್ದೆ. ರಾಯಣ್ಣನಿಗೇ ಗಾಬರಿಯಾಯಿತು.

"ಛಲೋ ಆತು ನೋಡ್ರಿ ಮೇಡಂ. ಬಾಕಿ ಎರಡು ಲಕ್ಷ ಅರವತ್ನಾಕು ಸಾವಿರ. ಒಂದು ಲಕ್ಷ ಇಪ್ಪತ್ತು ಸಾವಿರ ಒಂದ ಸಲಕ್ಕ ಕಟ್ರಿ, ಸೆಟಲ್‌ಮೆಂಟ್ ಮಾಡಿ ಮುಗಸ್ತೀವಿ. ಮತ್ತ ನಾನು ಫೋನ್ ಮಾಡಂಗಿಲ್ಲ, ನೀವು ರಾಂಗ್ ನಂಬರ್ ಅನ್ನಂಗಿಲ್ಲ."

ನನ್ನ ಹತ್ತಿರ ಒಂದು ಲಕ್ಷ ಹತ್ತು ಸಾವಿರ ಇದೆ. ಗೋವಾಕ್ಕೆ ಅಂತ ಬೇರೆ ಎತ್ತಿಟ್ಟ ಇಪ್ಪತ್ತು ಸಾವಿರವೂ ಇದೆ. ಲೆಕ್ಕ ಹಾಕಿದರೆ ಸರಿಯಾಗಿ ಸಾಲ ತೀರಿ ರೈಲಿನ ಟಿಕೆಟ್ಟಿಗೆ ಉಳಿಯುತ್ತದೆ. ಮೈಯೆಲ್ಲ ಹಗುರಾಯಿತು. ಸಂಜೆ ಮನೆಗೆ ಹೋಗದೆ ಕಾಲುವೆಯ ಏರಿ ಮೇಲೆ ನಡೆದೆ. ಬಾಳೆ ತೋಟದ ಮೇಲೆ ಮಳೆ ಬಂದು ನಿಂತಿತ್ತು, ಎಲೆಗಳಿಂದ ಇನ್ನೂ ಹನಿ ಬೀಳುತ್ತಿತ್ತು. ನೀರು ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ನೋಡುತ್ತ ನಿಂತರೆ ನೀರು ನಿಂತಿದೆ, ಏರಿ ಮತ್ತು ನಾನು ಮುಂದೆ ಹೋಗುತ್ತಿದ್ದೇವೆ ಅನ್ನಿಸಿತು. ಹಾಗೇ ಸಮುದ್ರದವರೆಗೆ ಹೋಗಿಬಂದೆ. ಚಪ್ಪಲಿಯಲ್ಲಿ ಮಾತ್ರ ಕೆಸರಿತ್ತು.

ಜುಲೈ 22, ಮಂಗಳವಾರ

ಬ್ಯಾಂಕಿನಲ್ಲಿ ಸಂಘಗಳ ಫೈಲು ನೋಡುವವಳು ಸೌಜನ್ಯ, ನನ್ನ ವಯಸ್ಸಿನವಳೇ. ಸೆಟಲ್‌ಮೆಂಟ್ ಅಂದ ಕೂಡಲೇ ತಲೆ ಅಲ್ಲಾಡಿಸಿದಳು.

"ಅರ್ಧ ಕಟ್ಟಿ ಮುಗಿಸಿದ್ರ ಸೆಟಲ್ಡ್ ಅಂತ ಬೀಳತ್ತ. ನಿಮ್ಮ ಹೆಸರಿಗೂ, ನಿಮ್ಮ ತಾಯಿ ಹೆಸರಿಗೂ. ಅದು ವರ್ಷಗಟ್ಲೆ ಹೋಗಂಗಿಲ್ರಿ. ಆ ಹೆಸರು ಇಟ್ಕೊಂಡು ಸಂಘದ ಫೈಲು ಮೇಲಕ್ಕ ಕಳ್ಸಿದ್ರ ವಾಪಸ್ ಬರತ್ತ."

"ಪೂರ್ತಿ ಕಟ್ಟಿದ್ರ?"

"ಕ್ಲೋಸ್ಡ್ ಅಂತ ಬರತ್ತ. ತಡ ಮಾಡಿ ಕಟ್ಯಾರ ಅನ್ನೋದು ಕಾಣಸ್ತೈತಿ, ಆದ್ರ ಬಾಕಿ ಇಲ್ಲ ಅಂತ ನಾನು ಬರದು ಕಳಸಬಹುದು."

ಅಂದರೆ ಅರ್ಧ ಕಟ್ಟಿದರೆ ನಾನು ಬಿಡುಗಡೆ, ಅವ್ವ ಸಂಘದಿಂದ ಹೊರಗೆ. ಅವ್ವನಿಗೆ ಎಲ್ಲ ಹೇಳಿದೆ. ಹೋಗು ಅನ್ನಲಿ ಅಂತಲೇ ಹೇಳಿದೆ, ಸುಳ್ಳು ಯಾಕೆ ಬರೆಯಲಿ. ಅಂದಳು ಕೂಡ. "ಕಟ್ಟಿ ಹೋಗವ್ವಾ ನೀನು. ಸಂಘ ಬಿಟ್ರ ನಾನೇನು ಸಾಯ್ತೀನಾ?" ಅನ್ನುತ್ತ ಹಂಚಿನ ಮೇಲೆ ರೊಟ್ಟಿ ಹಾಕಿದಳು. ಹಾಕಿದ್ದನ್ನು ಮರೆತಳು. ಅವ್ವನ ರೊಟ್ಟಿ ಸೀದದ್ದು ನಾನು ನೋಡಿದ್ದು ಇದೇ ಮೊದಲು. ಇಬ್ಬರೂ ಅದನ್ನೇ ತಿಂದೆವು.

ಜುಲೈ 24, ಗುರುವಾರ

ಬೆಳಿಗ್ಗೆ ಹಿಟ್ಟು ನಾದುತ್ತ ಅವ್ವ ಕೇಳಿದಳು. "ನಮ್ಮ ಮುಯ್ಯಿ ಎಷ್ಟು ಹೊರಗ ಅದಾವ, ಗೊತ್ತಾ?"

ನಮ್ಮ ಕಡೆ ಯಾರ ಮನೆಯಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶವಾದರೂ ಕರೆಸಿಕೊಂಡವರು ಹೋಗಿ ಉಂಡು ಮುಯ್ಯಿ ಓದಿಸುತ್ತಾರೆ. ಇಂಥವರು ಇಷ್ಟು ಕೊಟ್ಟರು ಅಂತ ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅದು ಸ್ವಲ್ಪ ಹೆಚ್ಚೇ ಆಗಿ ತಿರುಗಿ ಬರುತ್ತದೆ. ಅವ್ವ ಮದುವೆಯಾಗಿ ಬಂದಾಗಿನಿಂದ ಓದಿಸುತ್ತಲೇ ಇದ್ದಾಳೆ. ನಮ್ಮ ಮನೆಯಲ್ಲಿ ಮಾತ್ರ ಒಂದೂ ಕಾರ್ಯ ಆಗಿಲ್ಲ. ಇರುವವಳು ನಾನೊಬ್ಬಳು, ನನ್ನ ತೊಟ್ಟಿಲು ಅವ್ವನ ತವರಿನಲ್ಲಾಗಿತ್ತು, ಇರುವುದು ಬಾಡಿಗೆ ಮನೆ.

"ಅವು ನನ್ನ ಮದಿವಿಗೆ ಅಲ್ಲೇನವ್ವ?"

"ನಿನ್ನ ಮದಿವಿ ಯಾವಾಗ?"

"ಯಾರಿಗ್ಗೊತ್ತು."

"ಬ್ಯಾಂಕಿಂದು ಯಾವಾಗ?"

"ದೀಪಾವಳಿಯೊಳಗ."

"ಮತ್ತ?"

ಗಂಡಿಲ್ಲದ ಕಾರ್ಯಕ್ಕೆ ಯಾರು ಬರುತ್ತಾರೆ ಅಂದೆ. ಕರೆದರೆ ಬರುತ್ತಾರೆ ಅಂದಳು. ಬಂದು ನಗುತ್ತಾರೆ ಅಂದೆ. "ನಗ್ಲಿ. ಉಂಡು ನಗ್ಲಿ," ಅಂದಳು. ಕೆಲಸಕ್ಕೆ ಹೋಗಿ ಯಾರಿಗೋ ಯಾರದೋ ಕೀಲಿ ಕೊಟ್ಟೆ.

ಆಗಸ್ಟ್ 3, ಭಾನುವಾರ

ಸಂಡೂರಿಗೆ ಕರೆಯಲು ಹೋಗಿದ್ದೆವು. ಘಾಟಿ ಏರುವಾಗ ಬಸ್ಸಿನ ಕಿಟಕಿಯೊಳಗೆ ಮಂಜು ಬಂತು. ಗುಡ್ಡವೆಲ್ಲ ಹಸಿರು, ಕಡಿದ ಕಡೆ ಕೆಂಪು. ರಸ್ತೆಯ ಪಕ್ಕದ ಗಿಡಗಳ ಎಲೆ ಮಾತ್ರ ಮಳೆಗಾಲದಲ್ಲೂ ಅರ್ಧ ಕೆಂಪು. ಎದುರಿಗೆ ಬಂದ ಪ್ರತಿ ಲಾರಿಯ ಸ್ಟೇರಿಂಗಿನಲ್ಲೂ ಅಪ್ಪ ಕೂತಿದ್ದ. ಒಂದರಲ್ಲಿ ಬೀಡಿ ಸೇದುತ್ತಿದ್ದ, ಒಂದರಲ್ಲಿ ಹಾಡುತ್ತಿದ್ದ, ಒಂದರಲ್ಲಿ ನನ್ನನ್ನು ನೋಡಿ ಹಾರ್ನ್ ಹೊಡೆದ. ಅವ್ವನಿಗೆ ಹೇಳಲಿಲ್ಲ. ಅವಳೂ ಕಿಟಕಿಯ ಕಡೆಗೇ ನೋಡುತ್ತಿದ್ದಳು.

ನಮ್ಮಪ್ಪ ಮೂಕಣ್ಣನ ಜೊತೆ ಲಾರಿ ಓಡಿಸುತ್ತಿದ್ದ ಗಾದಿಲಿಂಗಪ್ಪ ಕಾಕನ ಮನೆಗೆ ಮೊದಲು ಹೋದೆವು. ಅವ್ವ ನನ್ನ ಕೈಲಿ ಬಾಗಿಲಿಗೆ ಕುಂಕುಮ ಇಡಿಸಿ, ಊಟಕ್ಕೆ ಬರಬೇಕು ಅಂದಳು.

"ಮಸ್ತ್ ಆತು! ಗಂಡು ಯಾವೂರು?"

"ಗಂಡಿಲ್ಲಪ. ಮಗಳ ಓದಿನ ಸಾಲ ಐತಿ, ತೀರಸಬೇಕು. ಅದಕ್ಕ ಕಾರ್ಯ ಇಟ್ಕೊಂಡೀವಿ."

ನಾನು ಅವರ ಅಂಗಳದ ಎಮ್ಮೆಯನ್ನು ನೋಡತೊಡಗಿದೆ. ಎಮ್ಮೆ ನನ್ನನ್ನು ನೋಡಿತು. ಕಾಕ ಹೆಗಲ ಮೇಲಿನ ಟವೆಲ್ ಕೊಡವಿ ಮತ್ತೆ ಹಾಕಿಕೊಂಡ. ಆಮೇಲೆ, "ಮೂಕಣ್ಣನ ಮನ್ಯಾಗ ಮೊದಲ್ನೇ ಕಾರ್ಯ. ಮೈಕು ನಾನ ಹಿಡೀತೀನಿ, ಬ್ಯಾರೇದವ್ರಿಗೆ ಹೇಳಬ್ಯಾಡ ತಾಯಕ್ಕ," ಅಂದ. ಎರಡನೇ ಮನೆಯಲ್ಲಿ ಒಬ್ಬ ಅತ್ತೆ, "ನಾಳೆ ಕರೆಂಟ್ ಬಿಲ್ಲಿಗೂ ಕಾರ್ಯ ಮಾಡ್ರಿ," ಅಂದಳು. ಅವ್ವ ಅವಳಿಗೂ ನನ್ನ ಕೈಲಿ ಕುಂಕುಮ ಹಚ್ಚಿಸಿದಳು.

ಆಗಸ್ಟ್ 10, ಭಾನುವಾರ

ಮಲಪನಗುಡಿ, ದರೋಜಿ, ಕಂಪ್ಲಿ. ಕಂಪ್ಲಿಗೆ ಹೋಗುವಷ್ಟರಲ್ಲಿ ಅವ್ವನ ಗಂಟಲು ಕಟ್ಟಿತ್ತು, ಅದಕ್ಕೆ ಅಲ್ಲಿ ಎಲ್ಲ ಮನೆಗಳಲ್ಲೂ ನಾನೇ ಹೇಳಿದೆ. ನನ್ನ ಓದಿನ ಸಾಲ, ಎರಡು ಲಕ್ಷ ಚಿಲ್ಲರೆ, ಬರುವ ಭಾನುವಾರ ಊಟ. ಒಂದು ಮನೆಯಲ್ಲಿ ಇನ್ನೂ ಸರಿಯಾಗಿ ಹೇಳಬಹುದಿತ್ತು, ಮಿಕ್ಸರ್ ಸದ್ದು ಇತ್ತು. ಎಲ್ಲರೂ ಚಹಾ ಕೊಟ್ಟು ಕೊಟ್ಟು ಹೊಟ್ಟೆ ಉಬ್ಬರ.

ಬರುವಾಗ ಬಸ್ಸಿನಲ್ಲಿ ಅವ್ವನ ಹೆಗಲ ಮೇಲೆ ಮಲಗಿದೆ. ದರೋಜಿಯ ಕರಡಿಗಳು ಬಂಡೆಗಳಿಂದ ಇಳಿದು ಸಾಲಾಗಿ ನಮ್ಮ ಮನೆಗೆ ಬಂದವು. ಒಂದೊಂದರ ಕೈಯಲ್ಲೂ ಜೇನುಹುಟ್ಟು. ಗಾದಿಲಿಂಗಪ್ಪ ಕಾಕ ಮೈಕಿನಲ್ಲಿ ಕೂಗುತ್ತಿದ್ದ, "ದರೋಜಿಯ ದೊಡ್ಡ ಕರಡೆಪ್ಪನವರು, ಒಂದು ಜೇನುಹುಟ್ಟು." ನಕ್ಕು ಎಚ್ಚರವಾಯಿತು.

ಐಶ್ವರ್ಯ ಇಪ್ಪತ್ತನೇ ತಾರೀಖಿನೊಳಗೆ ಹೇಳು ಅಂದಿದ್ದಾಳೆ.

ಆಗಸ್ಟ್ 18, ಸೋಮವಾರ

ನಿನ್ನೆಯದನ್ನು ಬರೆಯಬೇಕು.

ಓಣಿಗೆ ಅಡ್ಡ ಶಾಮಿಯಾನ. ಕೊಟ್ರಬಸಮ್ಮ ಸಂಘದವರನ್ನು ಕರೆದುಕೊಂಡು ನಸುಕಿನಲ್ಲೇ ಬಂದು ಒಲೆ ಹಚ್ಚಿದ್ದಳು. ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ, ಅನ್ನ, ಸಾರು. ಭರಮಮ್ಮನನ್ನೂ ಕರೆದಿದ್ದೆವು, ಬಂದಿರಲಿಲ್ಲ. ಅವ್ವ ತನ್ನ ಇಳಕಲ್ ಸೀರೆ ಉಡಿಸಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಶಾಮಿಯಾನದವನು ಅಭ್ಯಾಸದ ಮೇಲೆ ಎರಡು ಹಾಕಿದ್ದ. ಹನ್ನೆರಡಾದರೂ ಜನವಿಲ್ಲ. ಹುಗ್ಗಿಯ ಹಂಡೆಯ ಮೇಲಿನ ಆವಿ ನೋಡುತ್ತ ಕೂತೆ, ನಾನೂ ಹಾಗೇ ಮೇಲೆ ಹೋಗಿಬಿಡಬಾರದೇ ಅನ್ನಿಸಿತು. ಅವ್ವ ಮಾತ್ರ ಎಲೆಗಳನ್ನು ಒರೆಸುತ್ತಲೇ ಇದ್ದಳು.

ಆಮೇಲೆ ಕಂಪ್ಲಿಯ ಟಂಟಂ ಆಟೋ ಬಂತು. ಅದರಿಂದ ಎಷ್ಟು ಜನ ಇಳಿದರು ಅಂದರೆ ಒಳಗೆ ಇನ್ನೊಂದು ಟಂಟಂ ಇತ್ತೇನೋ. ಅದರ ಹಿಂದೆ ಮಲಪನಗುಡಿಯವರು, ಸಂಡೂರಿನವರು. ಕರೆಂಟ್ ಬಿಲ್ಲಿನ ಅತ್ತೆಯೂ ಬಂದಿದ್ದಳು, ಎರಡು ಸಲ ಹುಗ್ಗಿ ಹಾಕಿಸಿಕೊಂಡಳು. ಕಾಕ ಮೈಕು ಹಿಡಿದ. "ದರೋಜಿ ಪಂಪಾವತಿಯವರು, ಐದುನೂರ ಒಂದು! ಮೂಕಣ್ಣ ಇವರ ಮಗನ ಮದಿವಿಗೆ ಲಾರಿ ತೊಳಕೊಂಡು ಹೋಗಿದ್ದ, ನನಗ ಗೊತ್ತೈತಿ!" ಕಾಕ ಪ್ರತಿ ಹೆಸರಿಗೂ ಒಂದು ಕಥೆ ಹೇಳುತ್ತಿದ್ದ. ಒಬ್ಬೊಬ್ಬರೂ ನನ್ನ ಮುಂದೆ ಬಂದು, ಕೈ ಹಿಡಿದು, ಅಕ್ಕಿ ಕಾಳು ತಲೆಯ ಮೇಲೆ ಹಾಕಿ ಹೋದರು. ಮದುಮಗಳಿಗೆ ಹೇಳುವ ಮಾತು ಯಾರಿಗೂ ಬಾಯಿಗೆ ಬರಲಿಲ್ಲ. "ತೀರ್ಲಿ ಬಿಡವ್ವಾ," ಅಂದರು. ಅದನ್ನೇ ಎಲ್ಲರೂ ಅಂದರು. ನನಗೆ ಅಳು ಬಂತು. ಅವ್ವ ನೋಡಿ, ಹೊಗೆ ಕಣ್ಣಿಗೆ ಬಡಿದಿದೆ ಅಂತ ಎಲ್ಲರಿಗೂ ಹೇಳಿದಳು.

ಭರಮಮ್ಮ ಎಲ್ಲರಿಗಿಂತ ಕಡೆಗೆ ಬಂದಳು. ಒಂದು ಸಾವಿರದ ಒಂದು ಓದಿಸಿದಳು. ಉಂಡಳು. ಅವ್ವನ ಜೊತೆ ಮಾತಾಡದೆ ಹೋದಳು.

ಆಗಸ್ಟ್ 20, ಬುಧವಾರ

ಖರ್ಚು ಕಳೆದು ಬಂದದ್ದು ಒಂದು ಲಕ್ಷ ಮೂವತ್ತೆಂಟು ಸಾವಿರ. ನನ್ನದು ಸೇರಿಸಿದರೂ ಹದಿನಾರು ಸಾವಿರ ಕಡಿಮೆ ಬಿತ್ತು. ಗೋವಾಕ್ಕೆ ಅಂತ ಬೇರೆ ಎತ್ತಿಟ್ಟದ್ದು ಇತ್ತಲ್ಲ, ಅದರಿಂದ ಹಾಕಿದೆ. ಪೂರ್ತಿ ಕಟ್ಟಿಯಾಯಿತು.

ರಾಯಣ್ಣ ಕಡೆಯ ಸಲ ಫೋನ್ ಮಾಡಿದ. "ಪೂರ್ತಿ ಕಟ್ಟಿದ್ರಾ? ಯಾರೂ ಕಟ್ಟಲ್ರಿ ಹಂಗ," ಅಂದ. ಮೆಚ್ಚುಗೆಯೋ ಬೇಜಾರೋ ತಿಳಿಯಲಿಲ್ಲ. ಐಶ್ವರ್ಯಳಿಗೆ ಈ ಸೀಜನ್ನಿಗೆ ಆಗುವುದಿಲ್ಲ ಅಂತ ಮೆಸೇಜು ಹಾಕಬೇಕು.

ಸೆಪ್ಟೆಂಬರ್ 11, ಗುರುವಾರ

ಈಗೀಗ ಡ್ಯೂಟಿಗೆ ಮುಂಚೆ ಹಂಪಿಗೆ ರೊಟ್ಟಿ ಮುಟ್ಟಿಸುವವಳು ನಾನೇ. ಸ್ಕೂಟರ್ ಇರುವುದು ನನಗೆ ಮಾತ್ರ. ಇವತ್ತು ಎಲ್ಲ ಕೊಟ್ಟು ಹೇಮಕೂಟದ ಬಂಡೆಯ ಮೇಲೆ ಕೂತೆ. ಕೆಳಗೆ ಮಂಜಿನಲ್ಲಿ ಗೋಪುರ ಅರ್ಧ ಇತ್ತು, ಅರ್ಧ ಇರಲಿಲ್ಲ. ಹೊಳೆಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಬಿಸಿಲು ಬಿದ್ದು ಬಂಡೆ ಬೆಚ್ಚಗಾಗುವುದನ್ನು ಬೆನ್ನಿಗೆ ಹಚ್ಚಿಕೊಂಡು ಮಲಗಿಬಿಟ್ಟೆ. ಒಂದು ಕನಸೂ ಬೀಳಲಿಲ್ಲ. ಎದ್ದಾಗ ಡ್ಯೂಟಿಗೆ ತಡವಾಗಿತ್ತು. ಗೋವಾ ಹೋಟೆಲಿನಲ್ಲಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟುತ್ತಾರೆ ಅಂತ ಐಶ್ವರ್ಯ ಹೇಳಿದ್ದಳು. ನಮ್ಮವಕ್ಕೂ ಹಾಗೆ ಮಾಡಿದರೆ ಐದು ರೂಪಾಯಿ ಹೆಚ್ಚು ಕೇಳಬಹುದು.

ಸೆಪ್ಟೆಂಬರ್ 30, ಮಂಗಳವಾರ

ಸೌಜನ್ಯ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಕ್ಲೋಸ್ಡ್.

"ಇದು ನನ್ನ ಹೆಸರಾ?" ಅಂತ ಅವ್ವ ಕೇಳಿದಳು. ಹೌದು ಅಂದೆ. ಪರದೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹೊರಗೆ ಬಂದು, "ಸೋಮವಾರ ಹೋಗಬಹುದಲ್ಲ?" ಅಂದಳು. ಅಷ್ಟೇ ಕೇಳಿದ್ದು.

ಅಕ್ಟೋಬರ್ 6, ಸೋಮವಾರ

ಅವ್ವ ಹಬ್ಬಕ್ಕೆ ಹೊರಟವಳ ಹಾಗೆ ತಲೆ ಬಾಚಿಕೊಂಡಳು. ಸಭೆ ಕೊಟ್ರಬಸಮ್ಮನ ಪಡಸಾಲೆಯಲ್ಲಿತ್ತು. ನಾನು ಕಾಗದ, ದಾರ ತೋರಿಸೋಣ ಅಂತ ಜೊತೆಗೆ ಹೋಗಿದ್ದೆ. ಹೆಂಗಸರು ಸರಿದು ಜಾಗ ಬಿಟ್ಟರು, ಅವ್ವ ಜಮಖಾನೆಯ ಮೇಲೆ ತನ್ನ ಹಳೆ ಜಾಗದಲ್ಲಿ ಕೂತಳು. ಯಾರೋ ಮಂಡಿ ನೋವು ಹೇಗಿದೆ ಅಂದರು. ಕಡಿಮೆಯಾಗಿದೆ ಅಂದಳು.

ಕೊಟ್ರಬಸಮ್ಮ ಎಲೆ ಅಡಿಕೆಯ ತಟ್ಟೆಯನ್ನು ಎರಡು ಸಲ ಎಲ್ಲರ ಮುಂದೆ ಹಾಯಿಸಿ ಮಾತು ಶುರು ಮಾಡಿದಳು. ಬ್ಯಾಂಕಿನಲ್ಲಿ ಹತ್ತೂ ಹೆಸರು ಹೊಸದಾಗಿ ತೆಗೆದು ನೋಡಿದ್ದಾರೆ. ತಾಯಕ್ಕನದು ಸರಿ ಇದೆ. ಈ ಸಲ ಭರಮಮ್ಮನ ಹೆಸರಿಗೆ ನಿಂತಿದೆ.

ಭರಮಮ್ಮ ನೆಲ ನೋಡುತ್ತ ಹೇಳಿದಳು. "ಮೈದುನನ ಬೈಕಿನ ಸಾಲಕ್ಕ ಸೈನ್ ಹಾಕಿದ್ದೆ. ಅವ ಮಳಿ ಶುರುವಾದಾಗಿಂದ ಒಂದು ಕಂತೂ ಕಟ್ಟಿಲ್ಲಂತ. ಮೊನ್ನೆ ಗೊತ್ತಾತು." ಆಮೇಲೆ ಎದ್ದು ಸೆರಗು ಸರಿ ಮಾಡಿಕೊಂಡಳು. "ನಾನ ಅಂದಿದ್ನಲ್ಲ, ಒಬ್ರ ಸಲುವಾಗಿ ಒಂಬತ್ತು ಮಂದಿ ಯಾಕ ಅಂತ. ನನ್ನ ಹೆಸರು ತೆಗೀರಿ."

ಎಲ್ಲರೂ ಅವ್ವನ ಮುಖ ನೋಡಿದರು. ನಾನೂ ನೋಡಿದೆ. ನನ್ನ ಒಳಗೆ, ಅಂದು ಬಿಡು ಅವ್ವ, ಒಂದೇ ಒಂದು ಮಾತು ಅಂದು ಬಿಡು, ಅಂತ ಕುಣಿಯುತ್ತಿತ್ತು.

ಅವ್ವ ಕೂತಲ್ಲಿಂದಲೇ ಭರಮಮ್ಮನ ಸೆರಗು ಹಿಡಿದು ಎಳೆದಳು. "ಕುಂದ್ರಲೇ. ಎಷ್ಟು ವರ್ಷ ಆತು ನೀನು ಮುಯ್ಯಿ ಓದಿಸಾಕತ್ತಿ? ನಿಮ್ಮ ಮನ್ಯಾಗ ಕಾರ್ಯ ಯಾವಾಗ ಅದನ್ನ ಹೇಳು."

ಭರಮಮ್ಮ ಕೂತಳು, ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಹೆಗಲು ಅಲುಗುತ್ತಿದ್ದವು. ನಗುತ್ತಿದ್ದಳೋ ಅಳುತ್ತಿದ್ದಳೋ, ಉಳಿದವರೆಲ್ಲ ಒಮ್ಮೆಲೇ ಮಾತಾಡತೊಡಗಿದ್ದರಿಂದ ಕೇಳಿಸಲಿಲ್ಲ. ಹುಗ್ಗಿ ಬೇಡ, ಈ ಸಲ ಶಿರಾ ಮಾಡೋಣ ಅಂದರು. ಕಾಗದ, ದಾರ ತೋರಿಸಲು ಆಗಲೇ ಇಲ್ಲ. ಐಶ್ವರ್ಯಳ ಫೋನು ಎರಡು ಸಲ ಬಂದಿತ್ತು, ಮನೆಗೆ ಬಂದ ಮೇಲೆ ನೋಡಿದೆ.

ದೀಪಾವಳಿ ಹತ್ತಿರ ಬಂತು, ಜಲ್ದಿ ಮಾಡಬೇಕು. ನಾಳೆ ರಜೆ ಹಾಕಿ ಭರಮಮ್ಮನ ಜೊತೆ ಕರೆಯಲು ಹೋಗುತ್ತೇನೆ. ಮೊದಲನೇ ಮನೆಯಲ್ಲಿ ಅವಳಿಗೆ ಬಾಯಿ ಬರುವುದಿಲ್ಲ. ಅಲ್ಲಿ ನಾನು ಹೇಳುತ್ತೇನೆ, ಎರಡನೇದರಿಂದ ಅವಳೇ ಹೇಳುತ್ತಾಳೆ.